ಎದೆಯೊಳಗೆ ಮನೆಯವರು, ಬಂದವರು

ಮನುಷ್ಯನನ್ನು ಹೊರಗಿನ ವೇಷದಿಂದ ಅಳೆಯಬಾರದು, ಅವನ ಒಳಗೆ ಏನಿದೆಯೋ ಅದನ್ನು ಕಂಡು ಅಳೆಯಬೇಕು ಎಂದು ಹಿರಿಯರು ಹೇಳಿದ್ದಾರೆ. ಹೇಳಿದ ಹಿರಿಯರಲ್ಲಿ ಯಾರೂ ಹಾಗೆ ಮಾಡಿದ್ದನ್ನು ನಾನು ಕಾಣೆ. ಮಾಡಿದವರು ಒಬ್ಬರೇ, ಸೋಮವಾರಪೇಟೆಯ ನಮ್ಮ ಡಾಕ್ಟರು. ಅವರು ಊರಿನವರನ್ನೆಲ್ಲ ಕಫದಿಂದ ಅಳೆಯುತ್ತಿದ್ದರು.

ಅವರ ಬಲಗೈಯ ಹೆಬ್ಬೆರಳೂ ಅದರ ಪಕ್ಕದ ಎರಡು ಬೆರಳುಗಳೂ ಸದಾ ಕಡುಗುಲಾಬಿ ಬಣ್ಣಕ್ಕಿರುತ್ತಿದ್ದವು. ಗಾಜಿನ ತುಂಡಿನ ಮೇಲೆ ಕಫ ಸವರಿ, ಅದರಲ್ಲಿ ಕ್ಷಯದ ರೋಗಾಣು ಇದೆಯೋ ಎಂದು ನೋಡಲು ಹಾಕುವ ಬಣ್ಣ ಅದು. ಸೋಪಿಗೆ, ಸೀಗೆಪುಡಿಗೆ, ಸೀಮೆಎಣ್ಣೆಗೆ ಯಾವುದಕ್ಕೂ ಜಗ್ಗುವಂಥದ್ದಲ್ಲ. ಮದುವೆಮನೆಯಲ್ಲಿ ಅವರು ಎಲೆಯ ಮುಂದೆ ಕೂತರೆ ಹೊಸಬರು, ‘ಈ ವಯಸ್ಸಿನಲ್ಲಿ ಮದರಂಗಿಯ ಆಸೆ ನೋಡು’ ಎಂದುಕೊಳ್ಳುತ್ತಿದ್ದರು. ವಿಷಯ ಗೊತ್ತಿದ್ದವರು ಒಂದೆಲೆಯಷ್ಟು ಆಚೆ ಸರಿದು ಕೂರುತ್ತಿದ್ದರು. ಸೂಕ್ಷ್ಮದರ್ಶಕಕ್ಕೆ ಕಣ್ಣು ಕೀಲಿಸಿ ಕೀಲಿಸಿ ಬಲಹುಬ್ಬು ಎಡಹುಬ್ಬಿಗಿಂತ ಮೇಲಕ್ಕೆ ಏರಿ ಅಲ್ಲೇ ನಿಂತುಬಿಟ್ಟಿತ್ತು. ಹೀಗಾಗಿ ನೀವು ಏನು ಹೇಳಿದರೂ ಅವರ ಅರ್ಧ ಮುಖ ನಂಬುತ್ತಿರಲಿಲ್ಲ.

ಮಂಗಳೂರು ಕಡೆಯವರು. ಮಲೇರಿಯಾ ಕೆಲಸಕ್ಕೆಂದು, ಒಂದು ಮಳೆಗಾಲದ ಮಟ್ಟಿಗೆ, ಸೂಕ್ಷ್ಮದರ್ಶಕದ ಮರದ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬಂದವರಂತೆ. ಮಳೆಗಾಲ ಮುಗಿಯಿತು, ಡಾಕ್ಟರು ಮುಗಿಯಲಿಲ್ಲ. ಬಸ್ಸು ನಿಲ್ಲುವ ಜಾಗದ ಹಿಂದೆ ಎರಡು ಕೋಣೆಯ ಷಾಪು ಹಿಡಿದರು. ಮುಂದಿನ ಕೋಣೆಯಲ್ಲಿ ರೋಗಿಗಳು. ಹಿಂದಿನ ಕೋಣೆಯಲ್ಲಿ, ಉತ್ತರದ ಕಿಟಕಿಯ ಬೆಳಕಿಗೆ, ಆ ಯಂತ್ರ. ಮುಂದಿನ ಕೋಣೆಯ ದುಡಿಮೆಯಲ್ಲಿ ಹಿಂದಿನ ಕೋಣೆ ಬದುಕಿತ್ತು. ಅವರ ಮನಸ್ಸು ಇದ್ದದ್ದು ಹಿಂದಿನದರಲ್ಲಿ.

ಕೊಡಗು ಆಗ ತನ್ನದೇ ಒಂದು ರಾಜ್ಯ. ಮಂತ್ರಿಮಂಡಲ ಒಂದೇ ಬೆಂಚಿನ ಮೇಲೆ ಹಿಡಿಸುವಷ್ಟು ದೊಡ್ಡದಾಗಿತ್ತು. ನಾನು ಪೇಟೆಯಿಂದಾಚೆ ಗುಡ್ಡದ ಮೇಲಿನ ಎಸ್ಟೇಟೊಂದರಲ್ಲಿ ರೈಟರ್ ಆಗಿದ್ದೆ. ರೈಟರ್ ಎಂದರೆ ಕಾವ್ಯ ಬರೆಯುವವನಲ್ಲ, ಆಳುಗಳ ಹಾಜರಿ ಬರೆಯುವವನು. ಏಲಕ್ಕಿಯ ಕಾಲದಲ್ಲಿ ಒಣಗಿಸುವ ಮನೆಯ ಉಸ್ತುವಾರಿಯೂ ನನ್ನದೇ. ಅಲ್ಲಿ ಹಗಲೂ ರಾತ್ರಿ ಸೌದೆ ಉರಿಯುತ್ತಿತ್ತು. ಹೊಗೆ ಹೊರಗೆ ಹೋಗಲೆಂದು ತಗಡಿನ ಕೊಳವೆ ಇತ್ತು. ಹೊಗೆಗೆ ಅದರ ಬಗ್ಗೆ ಅಷ್ಟು ಗೌರವ ಇರಲಿಲ್ಲ.

ಮೊದಲ ಸಲ ಸಣ್ಣ ಕೆಮ್ಮಿಗೆ ಅವರಲ್ಲಿಗೆ ಹೋದಾಗ ಹೆಸರು ಕೇಳಲಿಲ್ಲ, ಊರು ಕೇಳಲಿಲ್ಲ. ಬೇರೆಯವರು ಎಲೆಅಡಿಕೆ ಕೊಡಿ ಎನ್ನುವ ಹಾಗೆ, “ಸ್ವಲ್ಪ ಕಫ ಕೊಡಿ” ಎಂದರು. ಕೊಟ್ಟೆ. ಒಳಗೆ ಹೋದವರು ಬಹಳ ಹೊತ್ತಿನ ಮೇಲೆ ಹೊರಗೆ ಬಂದು, “ನೀವು ಏಲಕ್ಕಿ ಮನೆಯವರು, ಅಲ್ವಾ?” ಎಂದು ಕೇಳಿದರು.

ಆಮೇಲೆ ತಿಳಿಯಿತು, ಇದು ಅವರ ಹಳೆಯ ಆಟ. ಅವರಿಗೆ ಮುಖ ಮರೆಯುತ್ತಿತ್ತು, ಕಫ ಮರೆಯುತ್ತಿರಲಿಲ್ಲ. ಪೇಟೆಯ ಬಸ್ ಡ್ರೈವರೊಬ್ಬನ ಬಗ್ಗೆ ಅವರಿಗೆ ವಿಶೇಷ ಪ್ರೀತಿ. ಯುದ್ಧದ ಕಾಲದಲ್ಲಿ ಬಸ್ಸುಗಳು ಇದ್ದಿಲಿನ ಗ್ಯಾಸಿನಿಂದ ಓಡುತ್ತಿದ್ದವು. ಯುದ್ಧ ಮುಗಿದು, ಬಸ್ಸಿಗೆ ಪೆಟ್ರೋಲ್ ಬಂದು, ದೇಶಕ್ಕೆ ಸ್ವಾತಂತ್ರ್ಯವೂ ಬಂದ ಮೇಲೂ ಆ ಡ್ರೈವರನ ಎದೆಯಲ್ಲಿ ಇದ್ದಿಲು ಹಾಗೇ ಇತ್ತಂತೆ. “ಅವನ ಬಸ್ಸು ಬದಲಾಯ್ತು ಮಾರಾಯ್ರೆ, ಅವನು ಬದಲಾಗ್ಲಿಲ್ಲ” ಎನ್ನುತ್ತಿದ್ದರು.

ಒಂದು ದಿನ ನನ್ನನ್ನೇ ಯಂತ್ರದ ಮುಂದೆ ಕೂರಿಸಿ ತೋರಿಸಿದರು. ಒಂದು ಕಣ್ಣು ಮುಚ್ಚಲು ನನಗೆ ಬಾರದೆ, ಅವರ ಗುಲಾಬಿ ಬೆರಳೇ ನನ್ನ ಎಡಗಣ್ಣನ್ನು ಮುಚ್ಚಿತು. ಕೆಳಗೆ ಬೆಳಗಿದ ದುಂಡನೆಯ ಬಯಲು. ಅದರಲ್ಲಿ ಅಲ್ಲಲ್ಲಿ ದೊಡ್ಡ ದೊಡ್ಡ ತಿಳಿನೀಲಿ ಉಂಡೆಗಳು. ಪ್ರತಿಯೊಂದರ ಹೊಟ್ಟೆಯಲ್ಲೂ ಎಳ್ಳು ಎರಚಿದ ಹಾಗೆ ಕಪ್ಪು.

“ಇವು ಜೀವಕಣ. ಎದೆಯ ಗೂಡಿನ ತೀರಾ ಒಳಗೆ, ಗಾಳಿ ರಕ್ತಕ್ಕೆ ಸೇರುವ ಜಾಗ ಉಂಟಲ್ಲ, ಅಲ್ಲಿ ಅಡ್ಡಾಡಿಕೊಂಡು ಇರ್ತವೆ. ಧೂಳು ಬರ್ಲಿ, ಹೊಗೆ ಬರ್ಲಿ, ರೋಗಾಣು ಬರ್ಲಿ, ನುಂಗುದು. ಇವರು ಮನೆಯವರು.”

“ಹೊಟ್ಟೇಲಿರೋ ಕಪ್ಪು?”

“ನಿಮ್ಮ ಸಾಹುಕಾರ್ರ ಸೌದೆ.”

“ಅದು ಕರಗಲ್ವಾ ಸ್ವಾಮಿ?”

“ಸೌದೆ ಹೇಗೆ ಕರಗ್ತದೆ? ಹೊತ್ತುಕೊಂಡು ತಿರುಗ್ತವೆ ಪಾಪ.” ಅವರ ಧ್ವನಿಯಲ್ಲಿ ಮರುಕ ಇತ್ತು. ಅದು ನನ್ನ ಬಗ್ಗೆ ಅಲ್ಲ ಎಂಬುದು ಸ್ಪಷ್ಟವಾಗಿತ್ತು.

ಮನೆಯವರಿಂದ ಆಗದಷ್ಟು ದೊಡ್ಡ ದಾಳಿಯಾದರೆ, ರಕ್ತದಿಂದ ಬೇರೆ ಕಣಗಳು ನುಗ್ಗಿ ಬರುತ್ತವಂತೆ. ಅವುಗಳಿಗೆ ಅವರು ಇಟ್ಟ ಹೆಸರು ‘ಬಂದವರು’. ಬಂದವರು ಎಲ್ಲಿಂದ ಬಂದರು, ಕೆಲಸ ಮುಗಿದ ಮೇಲೆ ಎಲ್ಲಿಗೆ ಹೋಗುತ್ತಾರೆ, ಹೋಗದೆ ಉಳಿದವರು ಏನಾಗುತ್ತಾರೆ, ಇದೇ ಅವರ ಜೀವಮಾನದ ಪ್ರಶ್ನೆ. ಇದಕ್ಕೆ ಉತ್ತರ ಕೊಡುವ ಪುಸ್ತಕ ಅವರ ಬಳಿ ಇರಲಿಲ್ಲ. ಹಾಗಾಗಿ ಅವರು ನಮ್ಮನ್ನು ಓದುತ್ತಿದ್ದರು.

ಮರುವರ್ಷ ಕಕ್ಕಡದ, ಎಂದರೆ ಆಷಾಢದ, ಮಳೆಯಲ್ಲಿ ನನಗೆ ನ್ಯುಮೋನಿಯಾ ಆಯಿತು. ಮೈ ಕೆಂಡ, ಪಕ್ಕೆಯಲ್ಲಿ ಚೂರಿ, ತುಕ್ಕುಬಣ್ಣದ ಕಫ. ಡಾಕ್ಟರು ಕೊಡೆ ಹಿಡಿದು ಗುಡ್ಡ ಹತ್ತಿ ಬಂದು ಪೆನಿಸಿಲಿನ್ ಚುಚ್ಚಿದರು. ಹೋಗುವಾಗ ಕಫದ ಡಬ್ಬಿಯನ್ನು ದೇವರ ಪ್ರಸಾದದ ಹಾಗೆ ಎರಡೂ ಕೈಯಲ್ಲಿ ಹಿಡಿದುಕೊಂಡು ಹೋದರು. ಜ್ವರದ ಮಂಪರಿನಲ್ಲೂ ನನಗೆ ಅನ್ನಿಸಿತು, ಇವರು ನನ್ನನ್ನು ಉಳಿಸಲು ಬರುತ್ತಿರುವುದು ನಿಜ, ಆದರೆ ಡಬ್ಬಿಗಾಗಿ ಬರುತ್ತಿರುವುದು ಇನ್ನೂ ನಿಜ.

ಬದುಕಿದೆ. ಜ್ವರ ಹೋಯಿತು, ಕೆಮ್ಮು ಹೋಗಲಿಲ್ಲ. ಮಳೆ ತೆಳುವಾದರೂ ಕೆಮ್ಮುತ್ತಲೇ ಇದ್ದೆ; ಮೈ ಇಳಿದು ಅಂಗಿ ನನ್ನ ಮೇಲೆ ಒಣಹಾಕಿದ ಹಾಗೆ ಕಾಣುತ್ತಿತ್ತು. ಲೈನಿನಲ್ಲಿ, ಎಂದರೆ ಆಳುಗಳ ಸಾಲುಮನೆಗಳಲ್ಲಿ, ಗುಸುಗುಸು ಶುರುವಾಯಿತು. ಆ ರೋಗದ ಹೆಸರನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ‘ಅದು’ ಎನ್ನುತ್ತಿದ್ದರು.

ಎಸ್ಟೇಟಿನ ಸಾಹುಕಾರರು ಕೆಟ್ಟವರಲ್ಲ. ಬಂಗಲೆಯ ಮೆಟ್ಟಿಲಿನ ಮೇಲೆ ನಿಂತು, ನನ್ನನ್ನು ಕೆಳಗೆ ಸ್ವಲ್ಪ ದೂರದಲ್ಲೇ ನಿಲ್ಲಿಸಿ ಹೇಳಿದರು:

“ನೋಡು ರೈಟ್ರು, ನಂಗೆ ನಿನ್ ಮೇಲೆ ಏನೂ ಇಲ್ಲ. ಲೈನ್ ತುಂಬ ಮಕ್ಕಳು ಮರಿ ಅವೆ. ಅದು ಅಲ್ಲ ಅಂತ ಡಾಕ್ಟ್ರು ನನ್ ಮುಂದೆ ಹೇಳ್ಲಿ, ನೀನು ಸಾಯೋತನ್ಕ ಇಲ್ಲೇ ಇರು. ಅದೇ ಅಂದ್ರೆ ಮನೆ ಬಿಡ್ಬೇಕಾಗ್ತದೆ.”

‘ಸಾಯುವ ತನಕ’ ಎಂಬುದು ಆ ಹೊತ್ತಿನಲ್ಲಿ ಅಷ್ಟು ಉದಾರವಾದ ಅವಧಿಯಾಗಿ ನನಗೆ ಕೇಳಿಸಲಿಲ್ಲ. ನಾವು ಹಾಸನದ ಕಡೆಯಿಂದ ಬಂದವರು. ಅಪ್ಪ ತೀರಿಕೊಂಡ ಮೇಲೆ ಅಲ್ಲಿ ನಮ್ಮದೆನ್ನುವ ಒಂದು ಹೆಂಚೂ ಇರಲಿಲ್ಲ. ರೈಟರ್ ಮನೆ ಬಿಟ್ಟರೆ ಅವ್ವನನ್ನು ಕೂರಿಸಲು ನನಗೆ ಬೇರೆ ಜಗಲಿ ಇರಲಿಲ್ಲ. ಕ್ಷಯದವನಿಗೆ ಯಾರೂ ಕೊಡುತ್ತಲೂ ಇರಲಿಲ್ಲ.

ಡಾಕ್ಟರು, “ಬೆಳಿಗ್ಗೆ ಎದ್ದ ಕೂಡ್ಲೆ, ಖಾಲಿ ಹೊಟ್ಟೆಯಲ್ಲಿ, ಬಾಯಿಗೆ ಎಂತದೂ ಹಾಕದೆ ಕೆಮ್ಮಿ ಬಂದದ್ದನ್ನು ತನ್ನಿ” ಎಂದರು. ಮೊದಲ ದಿನ ಅವ್ವ ಏಳುವ ಮುಂಚೆಯೇ ಹೊರಟುಬಿಟ್ಟಿದ್ದೆ. ಅದರಲ್ಲಿ ಏನೂ ಸಿಗಲಿಲ್ಲ. ಒಂದೇ ಸಲ ನೋಡಿ ಹೇಳಲಾಗದು ಎಂದು ಇನ್ನೊಮ್ಮೆ ಕೇಳಿದರು. ಎರಡನೆಯ ಡಬ್ಬಿ ಕೊಟ್ಟ ದಿನ ಅವರು ಒಳಗೆ ಹೋದವರು ಹೊರಗೆ ಬರಲೇ ಇಲ್ಲ. ಕೊನೆಗೆ ನನ್ನನ್ನೇ ಒಳಕ್ಕೆ ಕರೆದರು.

“ಕೂತ್ಕೊಳ್ಳಿ. ಸುಳ್ಳು ಹೇಳ್ಲಿಕ್ಕೆ ನನಗೆ ಬರುದಿಲ್ಲ. ಕೆಂಪು ಕಡ್ಡಿ ಕಾಣ್ತದೆ.”

ಕ್ಷಯದ ರೋಗಾಣು ಒಮ್ಮೆ ಆ ಕೆಂಪು ಬಣ್ಣ ಕುಡಿದರೆ ಆಸಿಡ್ ಹಾಕಿ ತೊಳೆದರೂ ಬಿಡುವುದಿಲ್ಲ, ಉಳಿದದ್ದೆಲ್ಲ ಬಿಡುತ್ತದೆ ಎಂದು ಅವರೇ ಹಿಂದೆ ಹೇಳಿಕೊಟ್ಟಿದ್ದರು. ಆ ವಿದ್ಯೆ ಕಲಿಯದಿದ್ದರೆ ಚೆನ್ನಾಗಿತ್ತು ಎನ್ನಿಸಿತು. ನಾನು ಅವ್ವನನ್ನು ಯಾವ ಊರಿಗೆ ಕರೆದುಕೊಂಡು ಹೋಗಲಿ ಎಂದು ಲೆಕ್ಕ ಹಾಕುತ್ತಿದ್ದೆ. ಡಾಕ್ಟರು ಮತ್ತೆ ಬಗ್ಗಿ ನೋಡುತ್ತಿದ್ದರು. ನೋಡುತ್ತಾ ನೋಡುತ್ತಾ ಅವರ ಎಡಹುಬ್ಬೂ ಮೇಲೇರಿತು. ಅದು ನಾನು ಅಲ್ಲಿಯವರೆಗೆ ಕಾಣದ ಸಂಗತಿ.

“ರೈಟರೇ, ಇಲ್ಲಿ ಒಂದು ವಿಚಿತ್ರ ಉಂಟು.”

“ಇನ್ನೇನ್ ವಿಚಿತ್ರ ಸ್ವಾಮಿ, ಕಂಡಾಯ್ತಲ್ಲ.”

“ಕಡ್ಡಿಗಳು ಒಂದು ಕಡೆ ಬಿದ್ದಿವೆ. ಪಕ್ಕದಲ್ಲೇ ನಿಮ್ಮ ನುಂಗುವವರು ಇದ್ದಾರೆ. ಇವರ ಹೊಟ್ಟೆ ನೋಡಿದೆ. ಒಬ್ಬನ ಹೊಟ್ಟೆಯಲ್ಲಿ ಕಪ್ಪು, ಇನ್ನೊಬ್ಬನದ್ದರಲ್ಲಿ ನ್ಯುಮೋನಿಯಾದ ಕಸ. ಕೆಂಪು ಕಡ್ಡಿ ಯಾರೊಬ್ಬನ ಹೊಟ್ಟೆಯಲ್ಲೂ ಇಲ್ಲ.” ಅವರು ನೆಟ್ಟಗೆ ಕೂತರು. “ಸೌದೆಯ ಹೊಗೆಯನ್ನೇ ಬಿಡದ ಜನ. ಎದೆಯ ಒಳಗೆ ಇಷ್ಟು ಕಡ್ಡಿ ಇದ್ದಿದ್ರೆ ಒಬ್ಬನಾದ್ರೂ ಬಾಯಿ ಹಾಕದೆ ಇರ್ತಿದ್ನಾ? ಪುರಾವೆ ಅಲ್ಲ ಇದು, ಅನುಮಾನ. ಬೆಳಿಗ್ಗೆ ಎಂತ ತಿಂದ್ರಿ?”

“ಏನೂ ತಿಂದಿಲ್ಲ. ಖಾಲಿ ಹೊಟ್ಟೆ.”

“ಕುಡಿದದ್ದು?”

“ಏನೂ ಇಲ್ಲ ಸ್ವಾಮಿ, ನಮ್ಮವ್ವನಾಣೆ.”

ಇದನ್ನು ನಾನು ಪೂರ್ಣ ಪ್ರಾಮಾಣಿಕತೆಯಿಂದ ಹೇಳಿದೆ. ಡಾಕ್ಟರು ಅದನ್ನು ಪೂರ್ಣ ಪ್ರಾಮಾಣಿಕತೆಯಿಂದ ನಂಬದೆ, ಕೋಟು ಹಾಕಿಕೊಂಡು, ಮುಂದಿನ ಕೋಣೆಯ ರೋಗಿಗಳನ್ನು ಅವರವರ ರೋಗಕ್ಕೆ ಬಿಟ್ಟು, ನನ್ನ ಜೊತೆ ಗುಡ್ಡ ಹತ್ತಿದರು. ಡಾಕ್ಟರು ತಾವಾಗಿಯೇ ರೈಟರ್ ಮನೆಗೆ ಬಂದರೆಂದ ಮೇಲೆ ಲೈನಿನವರಿಗೆ ಬೇರೆ ಪುರಾವೆ ಬೇಕಿರಲಿಲ್ಲ. ದಾರಿಯುದ್ದಕ್ಕೂ ಹೆಂಗಸರು ಮಕ್ಕಳನ್ನು ಒಳಗೆ ಎಳೆದುಕೊಂಡರು.

ಏರು ಹತ್ತಿ ಬಂದ ಡಾಕ್ಟರು ನಮ್ಮ ಜಗಲಿಯಲ್ಲಿ ಕೂತು ಕೆಮ್ಮತೊಡಗಿದರು. ಅವ್ವ ಒಳಗಿನಿಂದ ನೋಡಿದಳು. ಅವಳ ದೃಷ್ಟಿಯಲ್ಲಿ ಕೆಮ್ಮುವ ಯಾರೂ ಡಾಕ್ಟರಲ್ಲ, ಮಗ. ಬಾಳೆಲೆಯ ಚೂರಿನಲ್ಲಿ ನೆಲ್ಲಿಕಾಯಿ ಗಾತ್ರದ ಬೆಣ್ಣೆ ಇಟ್ಟು, ಮೇಲೆ ಕುಟ್ಟಿದ ಮೆಣಸು ಉದುರಿಸಿ ತಂದುಕೊಟ್ಟಳು.

“ತಗಳಿ ಡಾಕ್ಟ್ರಪ್ಪ. ಗಂಟಲಿಗೆ ಒಳ್ಳೇದು.”

“ಎಂತದವ್ವಾ ಇದು?”

“ಬೆಣ್ಣೆ ಮೆಣಸು. ಇವ್ನಿಗೆ ದಿನಾ ಕೊಡ್ತೀನಿ, ಕಣ್ ಬಿಟ್ ತಕ್ಷಣ, ಮುಖ ತೊಳೆಯೋಕ್ ಮುಂಚೆ.”

ಡಾಕ್ಟರು ನಿಧಾನವಾಗಿ ನನ್ನ ಕಡೆ ತಿರುಗಿದರು. “ಏನೂ ತಿಂದಿಲ್ಲ ಅಂದ್ರಿ.”

ಉತ್ತರ ಕೊಟ್ಟದ್ದು ಅವ್ವ. “ಅದ್ಯಾಕ್ ತಿಂದಂಗಾಯ್ತದೆ? ಅದು ಔಷಧಿ ಕಣಪ್ಪ. ಖಾಲಿ ಹೊಟ್ಟೇಲೇ ತಗಬೇಕು. ಔಷಧಿ ತಗಂಡ್ರೆ ಖಾಲಿ ಹೊಟ್ಟೆ ತುಂಬೋಯ್ತದಾ? ನೀವೇ ಡಾಕ್ಟ್ರು, ನಿಮ್ಗೆ ಗೊತ್ತಿಲ್ವಾ?”

ನಮ್ಮ ಕಡೆಯ ಧರ್ಮಶಾಸ್ತ್ರದಲ್ಲಿ ಇದು ತೀರ್ಮಾನವಾದ ವಿಷಯ. ಉಪವಾಸದ ದಿನವೂ ಔಷಧಿಗೆ ಅಡ್ಡಿಯಿಲ್ಲ. ಡಾಕ್ಟರು ವಾದಕ್ಕೆ ಹೋಗಲಿಲ್ಲ. ಬೆಣ್ಣೆಯನ್ನು ಎಲೆಯ ಸಮೇತ ಮಡಿಸಿ ಕೋಟಿನ ಜೇಬಿಗೆ ಹಾಕಿಕೊಂಡು ಎದ್ದರು. ಅವ್ವನಿಗೆ ಇದು ಅವಮಾನ.

“ಜೇಬಿಗ್ ಹಾಕ್ಕಂಡ್ರೆ ಕೆಮ್ಮು ಹೋಗ್ತದಾ?” ಎಂದು ಕೇಳಿದಳು.

“ಹೋಗ್ತದವ್ವಾ” ಎಂದರು ಡಾಕ್ಟರು. “ನನ್ನದಲ್ಲ. ಇವರದ್ದು.”

ಪೇಟೆ ಮುಟ್ಟುವಷ್ಟರಲ್ಲಿ ಬೆಣ್ಣೆಯ ಅರ್ಧಪಾಲು ಕೋಟಿಗೆ ಸಂದಿತ್ತು. ಉಳಿದರ್ಧವನ್ನು ಗಾಜಿಗೆ ಸವರಿ, ಬಣ್ಣ ಹಾಕಿ, ದೀಪಕ್ಕೆ ಹಿಡಿದು, ಆಸಿಡ್‌ನಲ್ಲಿ ತೊಳೆದು ನೋಡಿದರು. ಕೆಂಪು ಕಡ್ಡಿಗಳು. ಬೆಣ್ಣೆಯ ತುಂಬ.

ಹುಲ್ಲಿನಲ್ಲಿ, ಸಗಣಿಯಲ್ಲಿ, ಹಾಲಿನ ಪಾತ್ರೆಯಲ್ಲಿ ಕ್ಷಯದ ರೋಗಾಣುವಿನ ದಾಯಾದಿಗಳು ಕೆಲವು ಇರುತ್ತವಂತೆ. ಬಣ್ಣ ಕುಡಿದು ಬಿಡದ ಹಟ ಒಂದೇ ಥರ, ಕೇಡು ಮಾತ್ರ ಇಲ್ಲ. “ಪುಸ್ತಕದಲ್ಲಿ ಓದಿದ್ದೆ, ಕಂಡದ್ದು ಇದೇ ಮೊದಲು” ಎಂದು ಡಾಕ್ಟರು ಹೊಸ ಅಳಿಯನನ್ನು ಕಂಡವರ ಹಾಗೆ ಹಿಗ್ಗಿದರು. ಆಮೇಲೆ ತಕ್ಷಣ ಗಂಭೀರರಾದರು. ಬೆಣ್ಣೆಯಲ್ಲಿ ದಾಯಾದಿ ಇದ್ದಾನೆಂದ ಮಾತ್ರಕ್ಕೆ ಎದೆಯಲ್ಲಿ ಯಜಮಾನ ಇಲ್ಲ ಎಂದಾಗುವುದಿಲ್ಲ ಎಂದರು. ಅವ್ವನ ಬೆಣ್ಣೆ ನಿಲ್ಲಿಸಿ, ಬಾಯಿ ಚೆನ್ನಾಗಿ ತೊಳೆಸಿ, ದಿನ ಬಿಟ್ಟು ದಿನ ಕಫ ತರಿಸಿದರು. ಒಂದು ಸಲವೂ ಕೆಂಪು ಕಾಣಲಿಲ್ಲ. ನಾನು ಇನ್ನು ಸಾಕು ಎಂದೆ. ಅವರು ಇನ್ನೊಂದು ಎಂದರು. ಅಷ್ಟರಲ್ಲಿ ಕೆಮ್ಮು ಬೇಸತ್ತು ತಾನೇ ಕಡಿಮೆಯಾಗತೊಡಗಿ, ಕಫ ಒದಗಿಸುವುದೇ ನನಗೆ ಕಷ್ಟದ ಕೆಲಸವಾಯಿತು.

ಕೊನೆಗೆ ಸಾಹುಕಾರರು ತಾವೇ ಜೀಪಿನಲ್ಲಿ ಬಂದರು. ಡಾಕ್ಟರು ಅವರನ್ನು ಕೂರಿಸಿ, ಎಡಗಣ್ಣಿಗೆ ಗುಲಾಬಿ ಬೆರಳಿಟ್ಟು, ಮೊದಲು ನನ್ನ ಕಫ ತೋರಿಸಿದರು, ಆಮೇಲೆ ಬೆಣ್ಣೆ.

“ಕೆಂಪಗೆ ಅವೆಯಲ್ಲ, ಅದು ಏನು?”

“ಬೆಣ್ಣೆಯಲ್ಲಿ ಇರುವಂಥದ್ದು. ಇವರ ಎದೆಯಲ್ಲಿ ಇಲ್ಲ. ಇವರಿಗೆ ಕ್ಷಯ ಅಲ್ಲ ಸಾಹುಕಾರ್ರೆ. ನ್ಯುಮೋನಿಯಾ ಆದ ಮೇಲೆ ಒಳಗೆ ಮನೆ ಗುಡಿಸುವ ಕೆಲಸ ನಡೀತಾ ಉಂಟು. ಅದಕ್ಕೆ ಕೆಮ್ಮು.”

“ಯಾರ ಮನೆ ಬೆಣ್ಣೆ?”

ಡಾಕ್ಟರು ನನ್ನನ್ನು ನೋಡಿದರು. ನಾನು ನೆಲ ನೋಡಿದೆ. ನಮ್ಮ ಮನೆಯಲ್ಲಿ ಹಸು ಇರಲಿಲ್ಲ. ಬೆಣ್ಣೆ ಬರುತ್ತಿದ್ದದ್ದು ಬಂಗಲೆಯಿಂದ. ಅಮ್ಮಾವರು ಅವ್ವನ ಮೇಲಿನ ವಿಶ್ವಾಸಕ್ಕೆ ಕಳಿಸುತ್ತಿದ್ದರು.

“ನಿಮ್ದೇ ಸ್ವಾಮಿ” ಎಂದೆ.

ಸಾಹುಕಾರರು ತಮ್ಮ ದಪ್ಪ ಹೊಟ್ಟೆಯ ಮೇಲೆ ಕೈಯಾಡಿಸಿಕೊಂಡರು. ಅದರ ಬಹುಭಾಗ ಆ ಬೆಣ್ಣೆಯದೇ. “ನಾವು ಇಷ್ಟ್ ವರ್ಷ ತಿಂದಿದ್ದು?”

“ಏನೂ ಆಗುದಿಲ್ಲ. ಆದ್ರೂ ಇನ್ನು ಮೇಲೆ ಕಾಯಿಸಿ ತುಪ್ಪ ಮಾಡಿ ತಿನ್ನಿ. ಈಗ ಬಂದದ್ದು ಬಂದಿದ್ದೀರಿ, ಸ್ವಲ್ಪ ಕಫ ಕೊಡಿ.”

“ನಂಗ್ಯಾಕೆ? ನಂಗೇನಾಗಿದೆ?”

“ಏನೂ ಆಗಿಲ್ಲ. ನೋಡುವ ಅಂತ.”

ಸಾಹುಕಾರರು ಚುಟ್ಟಾ ಸೇದುವವರು. ಅವರ ಮನೆಯವರು ನನ್ನ ಮನೆಯವರಿಗಿಂತ ಕಪ್ಪಗಿದ್ದರು. ಜೀಪಿನಲ್ಲಿ ನನ್ನನ್ನು ಪಕ್ಕದಲ್ಲೇ ಕೂರಿಸಿಕೊಂಡು ಹೋದರು. ಲೈನಿನವರು ಕಂಡದ್ದು ಅದನ್ನು, ಅಷ್ಟು ಸಾಕಾಯಿತು.

ಆದರೆ ಡಾಕ್ಟರಿಗೆ ಇದು ಮುಗಿದ ವಿಷಯವಲ್ಲ. ಅವರಿಗೆ ಆಶ್ಚರ್ಯ ಹುಟ್ಟಿಸಿದ್ದು ಬೆಣ್ಣೆಯಲ್ಲ. ಕೊನೆಕೊನೆಗೆ ತರಿಸಿದ ಕಫದಲ್ಲಿ ನನ್ನ ನುಂಗುವವರಲ್ಲಿ ಬಹುಪಾಲು ತೆಳ್ಳಗೆ, ಬಿಳಿಚಿಕೊಂಡು, ಹೊಟ್ಟೆಯಲ್ಲಿ ಒಂದು ಮಸಿಯ ಚುಕ್ಕಿಯೂ ಇಲ್ಲದೆ ಕಾಣುತ್ತಿದ್ದರಂತೆ. ಹಳೆಯ ಕಪ್ಪು ಮನೆಯವರು ಅಲ್ಲೊಬ್ಬ ಇಲ್ಲೊಬ್ಬ.

“ಹಳಬರು ಎಲ್ಲಿಗೆ ಹೋದ್ರು? ಹೋರಾಟದಲ್ಲಿ ಸತ್ತಿರ್ಬೇಕು. ಇವರು ಎಲ್ಲಿಂದ ಬಂದದ್ದು? ರಕ್ತದಿಂದ ಬಂದವರೇ ಇಲ್ಲಿ ಮನೆ ಮಾಡಿದ್ರಾ?” ಎಂದು ನನ್ನನ್ನು ಕೇಳಿದರು, ನಾನೇ ಒಳಗೆ ಬಾಗಿಲು ತೆಗೆದು ಬಿಟ್ಟುಕೊಂಡವನ ಹಾಗೆ.

“ಹೊಸಬರಿಗೆ ಕೆಲಸ ಬರ್ತದಾ ಸ್ವಾಮಿ?”

“ಅದೇ ನನಗೂ ಬೇಕಾದದ್ದು. ಒಂದು ಸೋಂಕು ಕಂಡವನು ಎರಡನೇ ಸಲಕ್ಕೆ ಜಾಣ ಆಗ್ತಾನಾ, ಪುಕ್ಕಲ ಆಗ್ತಾನಾ? ನಿಮಗೆ ಇನ್ನೊಂದು ಸಲ ನ್ಯುಮೋನಿಯಾ ಬಂದ್ರೆ ಗೊತ್ತಾಗ್ತದೆ.”

ಇದನ್ನು ಅವರು ಹಾರೈಕೆಯಾಗಿ ಹೇಳಲಿಲ್ಲ ಎಂದು ನಂಬಿದ್ದೇನೆ.

ಪ್ರತಿವರ್ಷ ಏಲಕ್ಕಿಯ ಕೆಲಸ ಮುಗಿದ ಮೇಲೆ ನಾನು ಹೋಗಿ ಸ್ವಲ್ಪ ಕಫ ಕೊಟ್ಟು ಬರುವುದು ಕಂದಾಯ ಕಟ್ಟುವ ಹಾಗೆ ರೂಢಿಯಾಯಿತು. ಬಂದವರ ಹೊಟ್ಟೆಯಲ್ಲಿ ಮೊದಲು ಒಂದೊಂದು ಚುಕ್ಕಿ, ಆಮೇಲೆ ಚಿಟಿಕೆ, ಆಮೇಲೆ ಹಿಂದಿನ ಹಾಗೆ ಎಳ್ಳು. ಕೊನೆಗೊಂದು ವರ್ಷ ಕಣ್ಣು ಮೇಲೆತ್ತಿ, “ಇನ್ನು ಇವರನ್ನೂ ಅವರನ್ನೂ ಬೇರೆ ಮಾಡ್ಲಿಕ್ಕೆ ನನ್ನಿಂದ ಆಗುದಿಲ್ಲ. ಬಂದವರೂ ಮನೆಯವರಾದ್ರು” ಎಂದರು. ಸೋತವರ ಧ್ವನಿಯಲ್ಲಿ ಹೇಳಿದರು. ಮುಖದಲ್ಲಿ ಸೋಲು ಇರಲಿಲ್ಲ.

ಅದೇ ವರ್ಷ ಕೊಡಗನ್ನು ಮೈಸೂರಿಗೆ ಸೇರಿಸಿದರು. ಹೋಟೆಲಿನಲ್ಲಿ ಕಾಫಿ ಆರುವವರೆಗೂ ಅದೇ ಮಾತು: ಯಾರು ಇಲ್ಲಿನವರು, ಯಾರು ಹೊರಗಿನವರು. ಒಬ್ಬರು ಕೆಣಕಿದರು, “ಡಾಕ್ಟ್ರೇ, ನೀವ್ ಯಾವ ಕಡೆಯವ್ರು ಈಗ?” ಡಾಕ್ಟರು ಬಟ್ಟಲು ಕೆಳಗಿಟ್ಟು, “ನನ್ನ ಕಫ ನೋಡಿ ಹೇಳ್ಬೇಕು” ಎಂದರು. ಅವರ ಮಂಗಳೂರೂ ಅದೇ ಹೊತ್ತಿಗೆ ಅದೇ ರಾಜ್ಯಕ್ಕೆ ಸೇರಿತ್ತು. ಊರು ಬಿಟ್ಟು ಬಂದವರು ಕೂತ ಕುರ್ಚಿಯಿಂದ ಏಳದೆಯೇ ಸ್ವಂತ ರಾಜ್ಯಕ್ಕೆ ತಲುಪಿದ್ದರು.

ಬಹಳ ವರ್ಷಗಳ ಮೇಲೆ ಒಂದು ಸಂತೆಯ ದಿನ ಅವರು ಹೃದಯ ನಿಂತು ತೀರಿಕೊಂಡರು. ಊರಿನವರ ಎದೆಯನ್ನೆಲ್ಲ ಅಷ್ಟು ನೋಡಿದವರು ತಮ್ಮ ಎದೆಯ ಎಡಭಾಗವನ್ನು ಅಲಕ್ಷ್ಯ ಮಾಡಿದ್ದರು. ಅವ್ವನನ್ನು ಕರೆದುಕೊಂಡು ಹೋದೆ. ಮೀಯಿಸಿ, ಬಿಳಿ ಬಟ್ಟೆ ಹೊದಿಸಿ ಮಲಗಿಸಿದ್ದರು. ಬಲಗೈಯ ಮೂರು ಬೆರಳು ಮಾತ್ರ ಹಾಗೇ ಗುಲಾಬಿ. ಅವ್ವ ಆ ಕೈಯನ್ನು ತನ್ನ ಸೆರಗಿನಿಂದ ಒಮ್ಮೆ ಒರೆಸಿ ನೋಡಿದಳು. “ಹೋಗಲ್ಲ ಕಣೋ ಇದು” ಎಂದಳು.

ಈಚೆಗೆ ಮಡಿಕೇರಿಯಲ್ಲಿ ಎಳೆಯ ಡಾಕ್ಟರಮ್ಮನೊಬ್ಬರನ್ನು ನಮ್ಮ ಡಾಕ್ಟರ ಪ್ರಶ್ನೆ ಕೇಳಿದೆ. ಎದೆಯ ಹಳೆಯ ಕಣಗಳು ಸತ್ತಾಗ ರಕ್ತದಿಂದ ಬಂದವು ಅಲ್ಲೇ ನೆಲೆಸಿ ಆ ಜಾಗದ ರೀತಿನೀತಿ ಕಲಿಯುವುದು ನಿಜವಂತೆ. ಜಾಣರೋ ಪುಕ್ಕಲರೋ ಎಂದರೆ, “ಎರಡೂ ಉಂಟು ಅಜ್ಜ. ಯಾವ ಸೋಂಕು ಅನ್ನುದನ್ನು ಹೊಂದಿಕೊಂಡು ಉಂಟು. ಇನ್ನೂ ನೋಡ್ತಾ ಇದ್ದಾರೆ” ಎಂದರು. ಯಾರೋ ಇನ್ನೂ ನೋಡುತ್ತಿದ್ದಾರೆಂದು ಕೇಳಿ ಸಮಾಧಾನವಾಯಿತು.

ಅವ್ವ ಕೊನೆಯವರೆಗೂ ಬೆಳಿಗ್ಗೆ ಮೆಣಸು ಕೊಟ್ಟಳು, ತುಪ್ಪದಲ್ಲಿ. ನನಗೆ ಎರಡನೆಯ ಸಲ ನ್ಯುಮೋನಿಯಾ ಬರಲಿಲ್ಲ. ಅದೇ ಎಸ್ಟೇಟಿನಲ್ಲಿ, ಅದೇ ಮನೆಯಲ್ಲಿದ್ದು, ರೈಟರಾಗಿಯೇ ನಿವೃತ್ತನಾದೆ.